ಜನ ಸೇರುವ ಕಟ್ಟಡಕ್ಕೆ ಎಂಥ ವೈರಿಂಗ್ ತಕ್ಕದ್ದು

(ಜಿಲ್ಲಾ ಕೇಂದ್ರವೊಂದರಲ್ಲಿ ಕಲ್ಯಾಣ ಮಂಟಪಗಳ ಮಾಲೀಕರೂ ವ್ಯವಸ್ಥಾಪಕರೂ ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರೂ ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪವಿದು. ಅಂದು ಹಲಗೆಯ ಮೇಲೆ ಚಿತ್ರ ಬರೆದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.)

ಮಾನ್ಯರೇ,

1977ರ ಮೇ 28ರ ಸಂಜೆ, ಅಮೆರಿಕದ ಕೆಂಟಕಿ ರಾಜ್ಯದ ಸೌತ್‌ಗೇಟ್ ಎಂಬ ಊರಿನ ಬೆವರ್ಲಿ ಹಿಲ್ಸ್ ಸಪ್ಪರ್ ಕ್ಲಬ್ಬಿನಲ್ಲಿ, ಝೀಬ್ರಾ ರೂಂ ಎಂದು ಕರೆಯುತ್ತಿದ್ದ ಒಂದು ಚಿಕ್ಕ ಕೊಠಡಿಯಲ್ಲಿ ಮದುವೆಯ ಆರತಕ್ಷತೆ ನಡೆದಿತ್ತು. ಕೊಠಡಿ ತೀರಾ ಬಿಸಿಯಾಗಿದೆ ಎಂದು ಬಂದವರು ದೂರಿದ್ದರು. ಆರತಕ್ಷತೆ ಮುಗಿದು ಅವರು ಹೊರಟುಹೋದ ಸ್ವಲ್ಪ ಹೊತ್ತಿನಲ್ಲೇ ಆ ಕೊಠಡಿಯಲ್ಲಿ ಬೆಂಕಿ ಕಾಣಿಸಿತು. ಅದು ಎಷ್ಟೋ ಹೊತ್ತಿನಿಂದ ಮರೆಯ ಟೊಳ್ಳು ಜಾಗದಲ್ಲಿ ಒಳಗೊಳಗೇ ಬೇಯುತ್ತಿತ್ತೆಂದೂ, ವಿದ್ಯುತ್ ದೋಷವೇ ಅದರ ಮೂಲವಾಗಿರುವ ಸಂಭವ ಹೆಚ್ಚೆಂದೂ ತನಿಖೆ ಮಾಡಿದವರು ಅಭಿಪ್ರಾಯಪಟ್ಟರು. ಪ್ರಾಣ ಕಳೆದುಕೊಂಡ 165 ಜನರಲ್ಲಿ ಬಹುಪಾಲು ಜನ ಆ ಕೊಠಡಿಯ ಹತ್ತಿರವೂ ಇರಲಿಲ್ಲ. ಅವರು ಕಟ್ಟಡದ ಇನ್ನೊಂದು ಭಾಗದ ದೊಡ್ಡ ಸಭಾಂಗಣದಲ್ಲಿ ಕುಳಿತು ರಂಗದ ಮೇಲಿನ ಕಾರ್ಯಕ್ರಮ ನೋಡುತ್ತಿದ್ದರು.

ಇಪ್ಪತ್ತು ವರ್ಷಗಳ ಬಳಿಕ, 1997ರ ಜೂನ್ 13ರಂದು, ದೆಹಲಿಯ ಉಪಹಾರ್ ಚಿತ್ರಮಂದಿರದ ನೆಲಮಟ್ಟದಲ್ಲಿದ್ದ ಟ್ರಾನ್ಸ್‌ಫಾರ್ಮರಿನ ಸಡಿಲ ಜೋಡಣೆಯಲ್ಲಿ ಕಿಡಿ ಹಾರಿ ಎಣ್ಣೆ ಹೊತ್ತಿಕೊಂಡಿತು. ಅಲ್ಲಿ 59 ಜನ ತೀರಿಕೊಂಡರು. ಹೊಗೆ ಮೆಟ್ಟಿಲ ದಾರಿ ಹಿಡಿದು ಮೇಲೇರಿ ಬಾಲ್ಕನಿಯನ್ನು ತುಂಬಿದಾಗ ಅಲ್ಲಿದ್ದವರಿಗೆ ಹೊರಬರುವ ದಾರಿ ಸಿಗಲಿಲ್ಲ. ನಮ್ಮ ಬೆಂಗಳೂರಿನಲ್ಲೇ 2010ರ ಫೆಬ್ರುವರಿ 23ರಂದು ಕಾರ್ಲ್‌ಟನ್ ಟವರ್ಸ್ ಎಂಬ ಕಚೇರಿ ಕಟ್ಟಡದಲ್ಲಿ ವಿದ್ಯುತ್ ಕೇಬಲ್‌ಗಳ ಡಕ್ಟಿನಲ್ಲಿ ಬೆಂಕಿ ಕಾಣಿಸಿಕೊಂಡು, ಹೊಗೆ ಮಹಡಿಯಿಂದ ಮಹಡಿಗೆ ಹಬ್ಬಿ, ಉಸಿರುಗಟ್ಟಿದ ಜನ ಕಿಟಕಿಗಳಿಂದ ಹಾರಿದರು. ಒಂಬತ್ತು ಜೀವಗಳು ಹೋದವು. ಅದು ಸಭಾಭವನವಲ್ಲದಿದ್ದರೂ ಹೊಗೆ ಹಿಡಿಯುವ ದಾರಿ ಒಂದೇ ಆದ್ದರಿಂದ ಅದನ್ನೂ ಇಲ್ಲಿ ಸೇರಿಸಿದ್ದೇನೆ.

ಮೂರು ಕಡೆಯೂ ಸತ್ತವರು ಬೆಂಕಿ ಹುಟ್ಟಿದ ಜಾಗದಲ್ಲಿದ್ದವರಲ್ಲ. ಆದ್ದರಿಂದ ಕಲ್ಯಾಣ ಮಂಟಪ, ರಂಗಮಂದಿರ, ಚಿತ್ರಮಂದಿರ, ಸಮುದಾಯ ಭವನ, ಪ್ರಾರ್ಥನಾ ಮಂದಿರಗಳಂಥ ಕಟ್ಟಡಗಳಿಗೆ ವೈರಿಂಗ್ ಆರಿಸುವಾಗ ‘ಈ ವೈರು ಇಷ್ಟು ಲೋಡ್ ತಡೆಯುತ್ತದೆಯೇ’ ಎಂದಷ್ಟೇ ಕೇಳಿದರೆ ಅರ್ಧ ಕೆಲಸವೂ ಆಗುವುದಿಲ್ಲ. ಈ ವೈರು ಕೆಟ್ಟರೆ ಕಿಡಿ ಎಲ್ಲಿಗೆ ನಿಲ್ಲುತ್ತದೆ, ಇದು ಬೆಂದರೆ ಹೊಗೆ ಎಲ್ಲಿಗೆ ಹೋಗುತ್ತದೆ, ಬೇರೆಲ್ಲೋ ಬೆಂಕಿ ಬಿದ್ದಾಗ ಬಾಗಿಲ ಮೇಲಿನ ದೀಪವನ್ನು ಇದು ಎಷ್ಟು ಹೊತ್ತು ಉರಿಸಬಲ್ಲದು ಎಂದು ಕೇಳಬೇಕು. ಮನೆಯ ವೈರಿಂಗ್ ಚೆನ್ನಾಗಿ ಮಾಡುವ ಗುತ್ತಿಗೆದಾರರು ಸಭಾಭವನದಲ್ಲಿ ಎಡವುವುದು ಇಲ್ಲಿಯೇ. ಮನೆಯವರಿಗೆ ಕತ್ತಲಲ್ಲೂ ಬಾಗಿಲು ಎಲ್ಲಿದೆಯೆಂದು ಗೊತ್ತು, ಮದುವೆಗೆ ಬಂದ ಅತಿಥಿಗೆ ತಾನು ಒಳಬಂದ ಬಾಗಿಲೊಂದೇ ಗೊತ್ತು.

ಇನ್ನು ಯಾವ ಕಟ್ಟಡ ಈ ಲೆಕ್ಕಕ್ಕೆ ಬರುತ್ತದೆ ಎಂಬ ಪ್ರಶ್ನೆ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯ 2016ರ ಆವೃತ್ತಿಯ ಪ್ರಕಾರ 50ಕ್ಕೆ ಕಡಿಮೆಯಿಲ್ಲದಷ್ಟು ಜನ ಮನರಂಜನೆಗೋ ಸಾಮಾಜಿಕ, ಧಾರ್ಮಿಕ ಕಾರ್ಯಕ್ಕೋ ಪ್ರಯಾಣಕ್ಕೋ ಸೇರುವ ಕಟ್ಟಡ ಅಥವಾ ಕಟ್ಟಡದ ಭಾಗ ‘ಡಿ’ ಗುಂಪಿಗೆ, ಅಂದರೆ ಜನ ಸೇರುವ ಕಟ್ಟಡಗಳ ಗುಂಪಿಗೆ ಸೇರುತ್ತದೆ. ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯ 518ನೆಯ ವಿಧಿ ಇದೇ ಗಡಿಯನ್ನು 100 ಜನಕ್ಕೆ ಎಳೆಯುತ್ತದೆ. ಎರಡರಲ್ಲೂ ಎಣಿಸಬೇಕಾದದ್ದು ಕುರ್ಚಿಗಳನ್ನಲ್ಲ, ಸೇರಬಹುದಾದ ಜನರನ್ನು. ಐನೂರು ಕುರ್ಚಿಯ ಮಂಟಪದಲ್ಲಿ ಮುಹೂರ್ತದ ಹೊತ್ತಿಗೆ ಎಷ್ಟು ಜನ ಇರುತ್ತಾರೆಂದು ವ್ಯವಸ್ಥಾಪಕರಾದ ನಿಮಗೆ ನಾನು ಹೇಳಬೇಕಾಗಿಲ್ಲ. ಮೇಲಿನ ಭೋಜನಶಾಲೆಯಲ್ಲಿ ಪಂಕ್ತಿ ಕುಳಿತಿರುತ್ತದೆ, ಅದರ ಹೊರಗೆ ಮುಂದಿನ ಪಂಕ್ತಿಯವರು ಮೆಟ್ಟಿಲ ಮೇಲೆಯೇ ನಿಂತಿರುತ್ತಾರೆ. ಆ ಮೆಟ್ಟಿಲೇ ಹೊರಹೋಗುವ ದಾರಿಯೂ ಆಗಿರುತ್ತದೆ.

ಅಮೆರಿಕದ ಆ 518ನೆಯ ವಿಧಿ ಯಾವ ಯಾವ ವೈರಿಂಗ್ ವಿಧಾನಗಳಿಗೆ ಒಪ್ಪಿಗೆ ಕೊಡುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಅದು ನಮ್ಮ ನೆಲದ ಕಾನೂನಲ್ಲ. ಆದರೂ ಆ ಪಟ್ಟಿಯ ಹಿಂದಿರುವ ವಿಚಾರ ಅರ್ಥವಾದರೆ ಎಲ್ಲಿಯ ನಿಯಮವನ್ನು ಓದಿದರೂ ದಾರಿ ತಪ್ಪುವುದಿಲ್ಲ. ಲೋಹದ ಪೈಪಿನಲ್ಲಿ ವೈರು ಎಳೆಯಬಹುದು, ಬಾಗುವ ಲೋಹದ ಪೈಪನ್ನೂ ಬಳಸಬಹುದು. ಲೋಹದ ಕವಚವಿರುವ ಕೇಬಲ್ ಬಳಸಬಹುದು. ತಾಮ್ರದ ಕೊಳವೆಯೊಳಗೆ ಮೆಗ್ನೀಸಿಯಂ ಆಕ್ಸೈಡ್ ಪುಡಿಯನ್ನು ಗಟ್ಟಿಯಾಗಿ ತುಂಬಿ ಅದರ ನಡುವೆ ತಂತಿ ಇಟ್ಟಿರುವ ಖನಿಜ ನಿರೋಧಕ ಕೇಬಲ್ ಬಳಸಬಹುದು. ಅದರಲ್ಲಿ ಉರಿಯುವ ಪದಾರ್ಥವೇ ಇಲ್ಲ. ಪ್ಲಾಸ್ಟಿಕ್ ಪೈಪನ್ನು ಬಳಸುವುದಾದರೆ ಅದರ ಸುತ್ತ ಎರಡು ಇಂಚು, ಅಂದರೆ 50 ಮಿಲಿಮೀಟರ್, ಕಾಂಕ್ರೀಟು ಇರಬೇಕು. ಬೆಂಕಿಯನ್ನು ಇಂತಿಷ್ಟು ಹೊತ್ತು ತಡೆಯುವಂತೆ ಕಟ್ಟಬೇಕೆಂಬ ನಿರ್ಬಂಧವಿಲ್ಲದ ಕಟ್ಟಡದಲ್ಲಿ ಅಥವಾ ಅದರ ಅಂಥ ಭಾಗದಲ್ಲಿ ಪ್ಲಾಸ್ಟಿಕ್ ಪೈಪಿಗೂ ಪ್ಲಾಸ್ಟಿಕ್ ಹೊದಿಕೆಯ ಕೇಬಲ್ಲಿಗೂ ಸಡಿಲಿಕೆ ಇದೆ. ಉಪಾಹಾರ ಗೃಹ, ಹೋಟೆಲಿನ ಸಭಾ ಕೊಠಡಿ ಮುಂತಾದ ಕೆಲವು ಜಾಗಗಳಲ್ಲಿ, ಹದಿನೈದು ನಿಮಿಷವಾದರೂ ಶಾಖವನ್ನು ತಡೆಯುವ ಹೊದಿಕೆಯ ಹಿಂದೆ ಮರೆಯಾಗಿ ಹೋಗುವುದಾದರೆ ಪ್ಲಾಸ್ಟಿಕ್ ಪೈಪಿಗೆ ಅನುಮತಿ ಸಿಗುತ್ತದೆ.

ಈ ಪಟ್ಟಿಯಲ್ಲಿ ಪ್ಲಾಸ್ಟಿಕ್ಕಿನ ಮೇಲೆ ದ್ವೇಷವೇನೂ ಕಾಣುವುದಿಲ್ಲ. ಉರಿಯಬಲ್ಲ ಪದಾರ್ಥಕ್ಕೂ ಜನ ಉಸಿರಾಡುವ ಗಾಳಿಗೂ ನಡುವೆ ಏನಿದೆ ಎಂಬುದನ್ನಷ್ಟೇ ಅದು ಅಳೆಯುತ್ತದೆ. ಲೋಹ ಇದ್ದರೆ ಸರಿ, ಕಾಂಕ್ರೀಟು ಇದ್ದರೆ ಸರಿ, ಜನ ಎದ್ದು ಹೊರಗೆ ಹೋಗುವಷ್ಟು ಹೊತ್ತು ತಡೆದು ನಿಲ್ಲುವ ಗೋಡೆಯ ಹೊದಿಕೆ ಇದ್ದರೂ ಸರಿ. ಏನೂ ಇಲ್ಲದಿದ್ದರೆ ಒಪ್ಪಿಗೆಯಿಲ್ಲ.

ಇದನ್ನು ನಮ್ಮ ಕಟ್ಟಡಗಳಿಗೆ ತಂದು ನೋಡಿ. ನಾವು ಸ್ಲ್ಯಾಬ್ ಹಾಕುವ ಮುನ್ನ ಪಿವಿಸಿ ಪೈಪು ಮಲಗಿಸುತ್ತೇವೆ. ಸ್ಲ್ಯಾಬ್ ಐದು ಇಂಚಿನದು ಎಂದುಕೊಳ್ಳಿ, ಅಂದರೆ 125 ಮಿ.ಮೀ. ಪೈಪು 25 ಮಿ.ಮೀ. ಉಳಿದದ್ದು 100. ಪೈಪು ಸರಿಯಾಗಿ ನಡುವೆ ಇದ್ದರೆ ಕೆಳಗೆ 50, ಮೇಲೆ 50 ಸಿಗುತ್ತದೆ. ಲೆಕ್ಕ ಕರಾರುವಾಕ್ಕಾಗಿ ಕೂರುತ್ತದೆ, ಆದರೆ ಒಂದು ಮಿಲಿಮೀಟರನ್ನೂ ಬಿಟ್ಟುಕೊಡುವುದಿಲ್ಲ. ಕಂಬಿ ಕಟ್ಟುವವರು ಕೆಳ ಜಾಲರಿ ಮುಗಿಸಿದ ಮೇಲೆ ಎಲೆಕ್ಟ್ರಿಷಿಯನ್ ಬಂದು ಪೈಪನ್ನು ಆ ಕಂಬಿಗೇ ಕಟ್ಟಿ ಹೋದರೆ, ಕಂಬಿಯನ್ನು ತಳದಿಂದ ಎತ್ತಿ ಹಿಡಿಯುವ 20 ಮಿ.ಮೀ. ಕವರ್ ಬ್ಲಾಕ್, ಅದರ ಮೇಲೆ ಎಂಟೆಂಟು ಮಿ.ಮೀ.ಗಳ ಎರಡು ಕಂಬಿ ಸೇರಿ ಪೈಪಿನ ಕೆಳಗೆ ಸಿಗುವುದು 36 ಮಿ.ಮೀ. ಮಾತ್ರ. ಎರಡು ಪೈಪುಗಳು ಒಂದರ ಮೇಲೊಂದು ಹಾದರೆ ಅಷ್ಟೂ ಉಳಿಯುವ ಭರವಸೆಯಿಲ್ಲ. ಆದ್ದರಿಂದ ಸಭಾಂಗಣದ ಮೇಲಿನ ಸ್ಲ್ಯಾಬಿನಲ್ಲಿ ಪೈಪನ್ನು ಎತ್ತಿ ನಿಲ್ಲಿಸಲು ಪ್ರತ್ಯೇಕ ಬ್ಲಾಕ್ ಇಡಿಸಿ, ದಾರಿಗಳು ಅಡ್ಡ ಹಾಯದಂತೆ ಮೊದಲೇ ಕಾಗದದ ಮೇಲೆ ಗೆರೆ ಎಳೆಯಿರಿ. ಗೋಡೆಯನ್ನು ಕೊರೆದು ಪೈಪು ಕೂರಿಸಿ ಮೇಲೆ ಅರ್ಧ ಇಂಚು ಗಾರೆ ಬಳಿದದ್ದನ್ನು ಕಾಂಕ್ರೀಟಿನ ಹೊದಿಕೆ ಎಂದು ಎಣಿಸಬೇಡಿ.

ಮಂಗಳೂರು, ಉಡುಪಿ, ಕಾರವಾರಗಳ ಕಡೆಯಿಂದ ಬಂದವರು ಇಲ್ಲಿದ್ದೀರಿ. ಉಪ್ಪುಗಾಳಿಗೆ ಕಬ್ಬಿಣದ ಪೈಪು ನಿಲ್ಲುವುದಿಲ್ಲ ಎಂಬ ನಿಮ್ಮ ಅನುಭವ ನಿಜ. ನೀವು ಈ ಕಾಂಕ್ರೀಟಿನ ದಾರಿಯನ್ನೇ ಹೆಚ್ಚು ನೆಚ್ಚಿಕೊಳ್ಳುವುದು ಒಳ್ಳೆಯದು. ಹೊರಗೆ ಕಾಣುವ ಕಡೆ ಗ್ಯಾಲ್ವನೈಸ್ ಮಾಡಿದ ಪೈಪನ್ನೇ ಬಳಸಿ, ಥ್ರೆಡ್ ಕತ್ತರಿಸಿದ ಜಾಗಕ್ಕೆ ಬಣ್ಣ ಹಚ್ಚುವುದನ್ನು ಮರೆಯಬೇಡಿ.

ಲೋಹದ ಪೈಪಿನ ವಿಷಯದಲ್ಲಿ ಒಂದು ಮಾತು. ಭಾರತೀಯ ಮಾನಕ 9537ರ ಎರಡನೆಯ ಭಾಗ ಉಕ್ಕಿನ ಪೈಪುಗಳದ್ದು, ಮೂರನೆಯ ಭಾಗ ಪಿವಿಸಿಯಂಥ ನಿರೋಧಕ ಪೈಪುಗಳದ್ದು. ಉಕ್ಕಿನ ಪೈಪು ಇಲಿಯ ಹಲ್ಲನ್ನೂ ಮೊಳೆಯ ತುದಿಯನ್ನೂ ತಡೆಯುತ್ತದೆ, ಒಳಗೆ ಹಾರಿದ ಕಿಡಿಯನ್ನು ಒಳಗೇ ಇಟ್ಟುಕೊಳ್ಳುತ್ತದೆ, ಫೇಸ್ ತಗುಲಿದ ಕೂಡಲೇ ಅರ್ತ್ ದಾರಿ ಕೊಟ್ಟು ಎಂಸಿಬಿಯನ್ನು, ಅಂದರೆ ಕರೆಂಟು ಮಿತಿ ಮೀರಿದರೆ ತಾನಾಗಿ ಬಂದ್ ಆಗುವ ಸ್ವಿಚ್ಚನ್ನು, ಬೀಳಿಸುತ್ತದೆ. ಇವೆಲ್ಲವೂ ಪೈಪು ತುದಿಯಿಂದ ತುದಿಗೆ ಕಡಿಯದೆ ಅರ್ತ್ ಆಗಿದ್ದರೆ ಮಾತ್ರ. ನಡುವೆ ಪೈಪುಗಳನ್ನು ಜೋಡಿಸುವ ಒಂದು ಕಪ್ಲರ್ ಸಡಿಲವಾಗಿದ್ದರೆ ಅಲ್ಲಿಂದಾಚೆಯ ಪೈಪು ಮುಟ್ಟಿದವರಿಗೆ ಶಾಕ್ ಕೊಡುವ ಕಂಬಿಯಾಗುತ್ತದೆ. ಹಾಗಾಗಿ ಪೈಪಿನ ಜೋಡಣೆಯನ್ನೇ ನಂಬದೆ ಒಳಗೆ ಪ್ರತ್ಯೇಕ ಅರ್ತ್ ವೈರನ್ನೂ ಎಳೆಯಿರಿ, ಬಾಕ್ಸಿಗೆ ಪೈಪು ಸೇರುವಲ್ಲಿ ಅದರ ಹರಿತ ಅಂಚನ್ನು ಮುಚ್ಚುವ ಬುಷ್ ಹಾಕಿ. ಬುಷ್ ಇಲ್ಲದ ಪೈಪಿನ ಅಂಚು ವೈರಿನ ಸಿಪ್ಪೆ ಸುಲಿದ ಪ್ರಸಂಗಗಳು ನನ್ನ ಕೆಲಸದ ಅವಧಿಯಲ್ಲಿ ಲೆಕ್ಕಕ್ಕೆ ಸಿಗದಷ್ಟಿವೆ.

ಈಗ ವೈರಿನ ಹೊದಿಕೆಗೆ ಬರೋಣ. ಇದರ ಬಗ್ಗೆ ಅಂಗಡಿಗಳಲ್ಲಿ ಇರುವಷ್ಟು ಗೊಂದಲ ಬೇರೆ ಯಾವುದರಲ್ಲೂ ಇಲ್ಲ. ಪಿವಿಸಿಯ ಮೂಲ ರಾಳದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕ್ಲೋರಿನ್. ಅದು ಬೆಂದಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತದೆ. ಆ ಅನಿಲ ಕಣ್ಣಿನ ಮತ್ತು ಗಂಟಲಿನ ತೇವಕ್ಕೆ ಸೇರಿದೊಡನೆ ಆಮ್ಲವಾಗುತ್ತದೆ. ಕಣ್ಣು ಬಿಡಲಾಗದವನಿಗೆ ಬಾಗಿಲು ಕಾಣುವುದು ಹೇಗೆ? ಮಾರುಕಟ್ಟೆಯಲ್ಲಿ ‘ಎಫ್‌ಆರ್’ ಎಂದು ಬರೆದ ವೈರು ಬೆಂಕಿಯನ್ನು ಹಬ್ಬಿಸುವುದಿಲ್ಲ ಎಂಬುದು ಸರಿ. ಅದರ ಆಕ್ಸಿಜನ್ ಸೂಚ್ಯಂಕ ಕನಿಷ್ಠ 29 ಇರುತ್ತದೆ, ಅಂದರೆ ಶೇ. 29ರಷ್ಟು ಆಕ್ಸಿಜನ್ ಸಿಕ್ಕರೆ ಮಾತ್ರ ತಾನಾಗಿ ಉರಿಯುತ್ತ ಹೋಗಬಲ್ಲದು. ನಾವು ಉಸಿರಾಡುವ ಗಾಳಿಯಲ್ಲಿರುವುದು ಶೇ. 21. ಆದರೆ ಪಕ್ಕದ ಬೆಂಕಿಯಲ್ಲಿ ಬೆಂದಾಗ ಆ ವೈರು ಬಿಡುವ ಹೊಗೆಗೆ ‘ಎಫ್‌ಆರ್’ ಎಂಬ ಎರಡಕ್ಷರ ಯಾವ ಮಿತಿಯನ್ನೂ ಹಾಕುವುದಿಲ್ಲ. ‘ಎಫ್‌ಆರ್‌ಎಲ್‌ಎಸ್’ ಅಥವಾ ‘ಎಫ್‌ಆರ್-ಎಲ್‌ಎಸ್‌ಎಚ್’, ಅಂದರೆ ಕಡಿಮೆ ಹೊಗೆಯದು, ಎಂದಿದ್ದರೆ ಆಮ್ಲ ಅನಿಲ ತೂಕದ ಶೇ. 20ನ್ನು ಮೀರಬಾರದು, ಹೊಗೆಯ ಸಾಂದ್ರತೆ ಶೇ. 60ನ್ನು ಮೀರಬಾರದು. ಪರೀಕ್ಷೆಯ ಪೆಟ್ಟಿಗೆಯಲ್ಲಿ ವೈರು ಉರಿದ ಮೇಲೂ ಬೆಳಕಿನ ಐದರಲ್ಲಿ ಎರಡು ಪಾಲಾದರೂ ಹೊಗೆಯನ್ನು ದಾಟಿ ಬರಬೇಕು ಎಂಬುದು ಇದರ ಅರ್ಥ. ಇದಕ್ಕಿಂತ ಮುಂದಿನ ಹೆಜ್ಜೆ ಕ್ಲೋರಿನ್ನಿನಂಥ ಹ್ಯಾಲೊಜನ್ ಇಲ್ಲದ ಎಚ್‌ಎಫ್‌ಎಫ್‌ಆರ್ ವೈರು. ಅದಕ್ಕೆ 2018ರಲ್ಲಿ ಭಾರತೀಯ ಮಾನಕ 17048 ಬಂದಿದೆ.

ನನ್ನ ಅಭಿಪ್ರಾಯವನ್ನು ನೇರವಾಗಿಯೇ ಹೇಳುತ್ತೇನೆ. ಸಭಾಂಗಣ, ಭೋಜನಶಾಲೆ, ಮೆಟ್ಟಿಲು, ಹೊರದಾರಿಗಳಲ್ಲಿ ಎಚ್‌ಎಫ್‌ಎಫ್‌ಆರ್ ವೈರನ್ನೇ ಹಾಕಿ. ಅದಕ್ಕೆ ಹಣ ಸಾಲದಿದ್ದರೆ ಎಫ್‌ಆರ್‌ಎಲ್‌ಎಸ್‌ಗಿಂತ ಕೆಳಗೆ ಇಳಿಯಬೇಡಿ. ಕಲ್ಲು, ಮರ, ಬಣ್ಣ, ಗೊಂಚಲು ದೀಪಗಳಿಗೆ ಆಗುವ ವೆಚ್ಚದ ಮುಂದೆ ಈ ವ್ಯತ್ಯಾಸ ದೊಡ್ಡದಲ್ಲ. ಆರ್ಮರ್ಡ್ ಕೇಬಲ್ ಹಾಕಿದ್ದೇವೆ, ಅದರಲ್ಲಿ ಉಕ್ಕಿನ ಕವಚ ಇದೆಯಲ್ಲ ಎನ್ನುವವರು ಅದರ ಹೊರಮೈಯನ್ನೊಮ್ಮೆ ಮುಟ್ಟಿ ನೋಡಲಿ. ಕವಚದ ಮೇಲೆ ಮತ್ತೊಂದು ಪಿವಿಸಿ ಹೊದಿಕೆ ಇರುತ್ತದೆ. ಒಂದು ಟ್ರೇಯ ಮೇಲೆ ಹತ್ತು ಕೇಬಲ್ ಸಾಲಾಗಿ ಹೋದರೆ ಅಷ್ಟೂ ಪಿವಿಸಿ ಬಯಲಲ್ಲೇ ಇದೆ. ಆ ಹೊರ ಹೊದಿಕೆಯೂ ಕಡಿಮೆ ಹೊಗೆಯದೇ ಆಗಿರಬೇಕೆಂದು ಖರೀದಿ ಆದೇಶದಲ್ಲಿ ಬರೆಯಿರಿ.

ಫಾಲ್ಸ್ ಸೀಲಿಂಗ್ ಬಗ್ಗೆ ಹೆಚ್ಚು ಹೊತ್ತು ಮಾತಾಡಲು ನಾನು ಬಯಸುತ್ತೇನೆ, ಯಾಕೆಂದರೆ ಝೀಬ್ರಾ ರೂಮಿನ ಟೊಳ್ಳು ಜಾಗಕ್ಕೆ ನಮ್ಮ ಮಂಟಪಗಳಲ್ಲಿ ಸಮನಾದದ್ದು ಅದೇ. ಕೆಲವು ವರ್ಷಗಳ ಹಿಂದೆ ಒಂದು ಮಂಟಪಕ್ಕೆ ತಪಾಸಣೆಗೆ ಹೋಗಿದ್ದಾಗ ಒಂದು ಹಲಗೆಯನ್ನು ಸರಿಸಿ ಟಾರ್ಚ್ ಹಿಡಿದು ನೋಡಿದೆ. ಕೆಳಗೆ ಕಾಣುವ ಸ್ವಿಚ್ ಬೋರ್ಡುಗಳು ಬಹಳ ಅಚ್ಚುಕಟ್ಟಾಗಿದ್ದವು. ಮೇಲೆ ಪೈಪೇ ಇರಲಿಲ್ಲ. ವೈರುಗಳು ಸೀಲಿಂಗಿನ ಚೌಕಟ್ಟಿನ ಮೇಲೆ ಹಾಗೇ ಬಿದ್ದಿದ್ದವು. ದೀಪಕ್ಕೊಂದರಂತೆ ತಿರುಚಿ ಟೇಪ್ ಸುತ್ತಿದ ಜಾಯಿಂಟು, ಆ ಜಾಯಿಂಟುಗಳ ಕೆಳಗೆ ಅಲಂಕಾರಕ್ಕೆಂದು ತಂದು ಉಳಿದ ಥರ್ಮೊಕೋಲ್ ಚೂರುಗಳು, ಅಡುಗೆ ಉಗ್ರಾಣದಿಂದ ಬಂದ ಇಲಿಗಳು ಕಡಿದುಹಾಕಿದ ಹೊಟ್ಟು. ಆ ಟೇಪಿನ ಅಂಟು ಒಣಗಿ ಅದು ಸುರುಳಿ ಬಿಚ್ಚಿಕೊಂಡಿತ್ತು. ಅಂದು ಸಂಜೆಯೇ ಅಲ್ಲಿ ಮದುವೆಯಿತ್ತು. ಸೀಲಿಂಗಿನ ಎಲ್ಲ ಸರ್ಕ್ಯೂಟುಗಳನ್ನು ಬಂದ್ ಮಾಡಿಸಿ, ಗೋಡೆಯ ದೀಪಗಳಲ್ಲೇ ಮದುವೆ ನಡೆಸುವಂತೆ ವ್ಯವಸ್ಥಾಪಕರ ಮನವೊಲಿಸಲು ನನಗೆ ಎರಡು ಗಂಟೆ ಬೇಕಾಯಿತು.

ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಇದಕ್ಕೆ ಸ್ಪಷ್ಟ ಉತ್ತರವಿದೆ. ಮಹಡಿಯಿಂದ ಮಹಡಿಗೆ ಕೇಬಲ್ ಏರುವ ಶಾಫ್ಟಿನಲ್ಲಿಯೂ ಫಾಲ್ಸ್ ಸೀಲಿಂಗಿನೊಳಗೂ ಹೋಗುವ ವೈರಿಂಗ್ ಲೋಹದ ಪೈಪಿನಲ್ಲಿರಬೇಕು, ಸೀಲಿಂಗಿನ ಮೇಲೆ ಹೋಗುವ 230 ವೋಲ್ಟಿನ ವೈರಿಗೂ 660 ವೋಲ್ಟಿನ ದರ್ಜೆಯ ನಿರೋಧನ ಬೇಕು, ಸೀಲಿಂಗೂ ಅದನ್ನು ತೂಗುಹಾಕುವ ಸಾಮಗ್ರಿಯೂ ಉರಿಯದಂಥದ್ದಾಗಿರಬೇಕು. ಇದಕ್ಕೆ ನನ್ನದೊಂದು ಸೇರ್ಪಡೆ: ಸೀಲಿಂಗಿನ ಮೇಲೆ ಲೋಹದ ಮುಚ್ಚಳವಿರುವ ಜಂಕ್ಷನ್ ಬಾಕ್ಸಿನ ಹೊರಗೆ ಒಂದೇ ಒಂದು ಜಾಯಿಂಟೂ ಇರಕೂಡದು, ಮತ್ತು ಪ್ರತಿಯೊಂದು ಬಾಕ್ಸಿನ ಕೆಳಗೂ ತೆಗೆದು ನೋಡಬಹುದಾದ ಹಲಗೆ ಇರಬೇಕು. ಕಣ್ಣಿಗೆ ಬೀಳದ ಜಾಯಿಂಟನ್ನು ಯಾರೂ ಬಿಗಿ ಮಾಡುವುದಿಲ್ಲ.

ಶಾಫ್ಟಿನ ವಿಚಾರವನ್ನು ಚುಟುಕಾಗಿ ಹೇಳುತ್ತೇನೆ. ವಿದ್ಯುತ್ ಕೇಬಲ್‌ಗಳ ಶಾಫ್ಟಿನಲ್ಲಿ ನೀರಿನ ಪೈಪು, ಗ್ಯಾಸ್ ಪೈಪು, ಟೆಲಿಫೋನ್ ತಂತಿ ಯಾವುದೂ ಹೋಗಬಾರದು. ಪ್ರತಿ ಮಹಡಿಯ ಮಟ್ಟದಲ್ಲಿ ಅದನ್ನು ಆ ನೆಲದಷ್ಟೇ ಹೊತ್ತು ಬೆಂಕಿ ತಡೆಯಬಲ್ಲ ಸಾಮಗ್ರಿಯಿಂದ ಮುಚ್ಚಬೇಕು. ಹೊಸ ಕೇಬಲ್ ಎಳೆಯಲೆಂದು ಆ ಮುಚ್ಚಿಗೆಯನ್ನು ಒಡೆದವರು ಅಂದೇ ಮತ್ತೆ ಮುಚ್ಚಿಸಬೇಕು. ತೆರೆದ ಶಾಫ್ಟ್ ಎಂದರೆ ಹೊಗೆಗೆ ಕಟ್ಟಿಕೊಟ್ಟ ಚಿಮಣಿ.

ಹೊರದಾರಿಯ ದೀಪಗಳ ವೈರಿಂಗಿಗೆ ಬೇರೆಯೇ ವಿಧಾನ ಬೇಕು. ಮೆಟ್ಟಿಲು ಮತ್ತು ಮೊಗಸಾಲೆಯ ದೀಪ, ಅಗ್ನಿಶಾಮಕ ಪಂಪು, ಹೊಗೆಯನ್ನು ಮೆಟ್ಟಿಲಿಗೆ ಬಿಡದ ಬ್ಲೋವರ್ ಇವುಗಳ ಸರ್ಕ್ಯೂಟುಗಳು ಮುಖ್ಯ ಪ್ಯಾನೆಲ್ಲಿನಿಂದ ನೇರವಾಗಿ, ಪ್ರತ್ಯೇಕ ಪೈಪುಗಳಲ್ಲಿ ಹೊರಡಬೇಕು. ಸಭಾಂಗಣದ ಒಂದು ಎಸಿ ಸುಟ್ಟರೆ ಮೆಟ್ಟಿಲು ಕತ್ತಲಾಗುವಂತಿರಬಾರದು. ಈ ದಾರಿಗಳಲ್ಲಿ ಸಾಮಾನ್ಯ ಕೇಬಲ್ ಬದಲು 950 ಡಿಗ್ರಿ ಸೆಲ್ಸಿಯಸ್ ಜ್ವಾಲೆಯಲ್ಲಿ ಮೂರು ಗಂಟೆ ಕೆಲಸ ಮಾಡುವಂತೆ ಪರೀಕ್ಷಿಸಿದ ಅಗ್ನಿನಿರೋಧಕ ಕೇಬಲ್ ಬಳಸಿ. ಅದನ್ನು ಹಿಡಿಯುವ ಕ್ಲಿಪ್ ಪ್ಲಾಸ್ಟಿಕ್ಕಿನದಾದರೆ ಕ್ಲಿಪ್ ಕರಗಿ ಕೇಬಲ್ ಜೋತುಬಿದ್ದು ಓಡುವವರ ಕಾಲಿಗೆ ತೊಡರುತ್ತದೆ. ಕ್ಲಿಪ್ಪೂ ಲೋಹದ್ದೇ ಇರಲಿ. ತುರ್ತು ದೀಪಗಳ ಬ್ಯಾಟರಿ ಒಂದೂವರೆ ಗಂಟೆಯಾದರೂ ಉರಿಸಬೇಕು, ಕರೆಂಟು ಹೋದ ಒಂದು ಸೆಕೆಂಡಿನೊಳಗೆ ಹೊತ್ತಿಕೊಳ್ಳಬೇಕು.

ರಂಗಮಂದಿರದವರಿಗೆ ಮಾತ್ರ ಒಂದು ಸೂಚನೆ. ರಂಗದ ದೀಪಗಳ ಬೆಳಕನ್ನು ಏರಿಳಿಸುವ ಡಿಮ್ಮರುಗಳು ಕರೆಂಟಿನ ಸೈನ್ ಅಲೆಯನ್ನು ಕತ್ತರಿಸಿ ಕೆಲಸ ಮಾಡುವುದರಿಂದ ಮೂರೂ ಫೇಸ್‌ಗಳು ಸಮನಾಗಿದ್ದರೂ ನ್ಯೂಟ್ರಲ್‌ನಲ್ಲಿ ಕರೆಂಟು ಹರಿಯುತ್ತದೆ. ಆದ್ದರಿಂದ ಅರ್ಧ ಅಳತೆಯ ನ್ಯೂಟ್ರಲ್ ಹಾಕಬೇಡಿ. ಒಂದು ಪೈಪಿನಲ್ಲಿ ಎಷ್ಟು ವೈರು ತುಂಬಬಹುದೆಂದು ಲೆಕ್ಕ ಹಾಕುವಾಗ ನ್ಯೂಟ್ರಲನ್ನೂ ಬಿಸಿಯಾಗುವ ವೈರೆಂದೇ ಎಣಿಸಿ.

ಕೊನೆಯದಾಗಿ, ಒಂದೇ ದಿನಕ್ಕೆಂದು ಬರುವ ವೈರಿಂಗ್. ಎಷ್ಟೇ ಚೆನ್ನಾಗಿ ಕಾಯಂ ವೈರಿಂಗ್ ಮಾಡಿದ್ದರೂ ಮದುವೆಯ ಹಿಂದಿನ ರಾತ್ರಿ ಅಲಂಕಾರದವರು ಬರುತ್ತಾರೆ. ಮಂಟಪದ ಹಿಂದೆ ಸಾಕೆಟ್ ಸಿಗದಿದ್ದರೆ ಅವರು ಡಿಸ್ಟ್ರಿಬ್ಯೂಷನ್ ಬೋರ್ಡಿನ ಬಾಗಿಲು ತೆಗೆದು, ಒಳಗೆ ಕರೆಂಟು ಹಂಚುವ ಲೋಹದ ಪಟ್ಟಿಯಾದ ಬಸ್ ಬಾರಿಗೇ ವೈರಿನ ತುದಿ ಸಿಕ್ಕಿಸುತ್ತಾರೆ. ಅಲ್ಲಿಂದ ಬಾಗಿಲ ಸಂದಿಯಲ್ಲಿ ನುಸುಳಿಸಿ, ಜಮಖಾನದ ಕೆಳಗೆ ಹಾಯಿಸಿ, ಬಟ್ಟೆಯ ಪರದೆಗೂ ಒಣ ಹೂವಿಗೂ ತಾಗಿದ ಸೀರಿಯಲ್ ಸೆಟ್‌ಗಳವರೆಗೆ ಒಯ್ಯುತ್ತಾರೆ. ರಾತ್ರಿಯೆಲ್ಲ ದುಡಿಯುವ ಆ ಹುಡುಗರನ್ನು ನಾನು ದೂರುವುದಿಲ್ಲ, ನಾವು ಅವರಿಗೆ ಬೇರೆ ದಾರಿ ಇಟ್ಟಿರುವುದಿಲ್ಲ. ಮಂಟಪದ ನಾಲ್ಕೂ ಬದಿಗೆ, ಮುಖ್ಯದ್ವಾರಕ್ಕೆ, ಭೋಜನಶಾಲೆಯ ಕೌಂಟರುಗಳಿಗೆ ಲೋಹದ ಪೆಟ್ಟಿಗೆಯ ಕೈಗಾರಿಕಾ ಮಾದರಿಯ ಸಾಕೆಟ್‌ಗಳನ್ನು ಕೂರಿಸಿ. ಪ್ರತಿಯೊಂದಕ್ಕೂ ಬೇರೆ ಎಂಸಿಬಿ ಮತ್ತು ಕರೆಂಟು ಸೋರಿದರೆ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಇರಲಿ. ಬೋರ್ಡಿನ ಕೊಠಡಿಗೆ ಬೀಗ ಹಾಕಿ. ಪ್ಲಗ್ ಇಲ್ಲದ ಬರಿ ವೈರಿನ ತುದಿ ಒಳಗೆ ಬರುವಂತಿಲ್ಲ ಎಂಬುದನ್ನು ಬಾಡಿಗೆ ಕರಾರಿನಲ್ಲೇ ಬರೆಯಿರಿ.

ಸಭೆಯ ಕೊನೆಯಲ್ಲಿ ಒಬ್ಬರು ಎದ್ದು, ತಮ್ಮ ಮಂಟಪಕ್ಕೆ ಮೂವತ್ತು ವರ್ಷವಾಗಿದೆ, ಎಲ್ಲವನ್ನೂ ಕಿತ್ತು ಹೊಸದು ಮಾಡಲು ಹಣವಿಲ್ಲ, ಎಲ್ಲಿಂದ ಶುರುಮಾಡಲಿ ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಮೊದಲು ಹೊರದಾರಿಯ ದೀಪಗಳನ್ನು ಬೇರೆ ಸರ್ಕ್ಯೂಟಿಗೆ ಹಾಕಿಸಿ, ಅದು ಒಂದು ವಾರದ ಕೆಲಸ. ಎರಡನೆಯದಾಗಿ ಸೀಲಿಂಗಿನ ಮೇಲೆ ಹತ್ತಿಸಿ ಪ್ರತಿ ಜಾಯಿಂಟನ್ನೂ ಬಾಕ್ಸಿನೊಳಗೆ ತರಿಸಿ, ಸೀಲಿಂಗಿನ ವೈರಿಂಗನ್ನು ಲೋಹದ ಪೈಪಿಗೆ ಸೇರಿಸಿ. ಮೂರನೆಯದು ಅಲಂಕಾರದವರ ಸಾಕೆಟ್‌ಗಳು. ಸ್ಲ್ಯಾಬಿನೊಳಗಿನ ಪೈಪುಗಳಲ್ಲಿರುವ ಹಳೆಯ ವೈರು ಕಾಂಕ್ರೀಟಿನ ರಕ್ಷಣೆಯಲ್ಲಿದೆ, ಅದು ಕೊನೆಗೆ ಬರಲಿ. ಆದರೆ ಅದನ್ನೂ ನಿರೋಧನವನ್ನು ಅಳೆಯುವ 500 ವೋಲ್ಟಿನ ಮೆಗ್ಗರ್ ಇಟ್ಟು ಅಳೆಯಿಸಿ, 1 ಮೆಗಾಓಮ್‌ಗಿಂತ ಕೆಳಗೆ ತೋರಿಸಿದ ಸರ್ಕ್ಯೂಟಿಗೆ ಮತ್ತೆ ಸಂಪರ್ಕ ಕೊಡಬೇಡಿ. ಅಳತೆಯನ್ನು ದಿನಾಂಕದೊಂದಿಗೆ ಬರೆದು ಬೋರ್ಡಿನ ಬಾಗಿಲ ಒಳಬದಿಗೆ ಅಂಟಿಸಿ. ಮುಂದಿನ ವರ್ಷ ಅಳೆಯಲು ಬರುವವರು ಯಾವ ಸರ್ಕ್ಯೂಟಿನ ಅಂಕಿ ಇಳಿಯುತ್ತಿದೆ ಎಂದು ಆ ಕಾಗದವನ್ನು ನೋಡಿಯೇ ತಿಳಿಯಬಲ್ಲರು.